ಕ್ಯಾಂಕುನ್‌ನಿಂದ ಚಿಚೆನ್ ಇಟ್ಜಾಗೆ ಒಂದು ದಿನದ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೊದ ಯುಕಟಾನ್ ಪ್ರಾಂತ್ಯದಲ್ಲಿರುವ ಚಿಚೆನ್ ಇಟ್ಜಾ ಮಾಯಾ ಜನರು ಕಟ್ಟಿದ ದೊಡ್ಡ ನಗರಗಳಲ್ಲಿ ಒಂದು. 1988ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳು ಕ್ಯಾಂಕುನ್ ಕಡಲತೀರಕ್ಕೆ ರಜೆಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಬರುತ್ತಾರೆ. ಈ ಪ್ರವಾಸ ಸಾರ್ಥಕವಾಗುವುದೂ ಕೆಡುವುದೂ ಬಹುಪಾಲು ಎರಡೇ ಮಾತಿನ ಮೇಲೆ ನಿಂತಿದೆ: ಎಷ್ಟು ಹೊತ್ತಿಗೆ ಒಳಗೆ ಕಾಲಿಡುತ್ತೀರಿ, ಎಷ್ಟು ಹೊತ್ತು ಒಳಗಿರುತ್ತೀರಿ. ಕೆಳಗಿನ ಉತ್ತರಗಳಲ್ಲಿ ಹಲವು ಕೊನೆಗೆ ಅಲ್ಲಿಗೇ ಬಂದು ಸೇರುತ್ತವೆ.

ಒಂದೇ ದಿನದಲ್ಲಿ ಹೋಗಿ ಬರಬಹುದೆ?

ಬರಬಹುದು. ಕ್ಯಾಂಕುನ್‌ನಿಂದ ಸುಮಾರು 200 ಕಿ.ಮೀ. 180ಡಿ ಟೋಲ್ ಹೆದ್ದಾರಿಯಲ್ಲಿ ಎರಡೂವರೆ ಗಂಟೆ. ಮೆರಿಡಾ ನಗರದಿಂದಾದರೆ ಸುಮಾರು 120 ಕಿ.ಮೀ., ಒಂದೂವರೆ ಗಂಟೆ. ವಯ್ಯದೊಲಿದ್ ಎಂಬ ಹಳೆಯ ಪಟ್ಟಣದಿಂದ 45 ಕಿ.ಮೀ. ಅಷ್ಟೇ. ಒಂದು ರಾತ್ರಿ ಹೊರಗೆ ಉಳಿಯುವುದು ಸಾಧ್ಯವಿದ್ದರೆ ಹಿಂದಿನ ದಿನವೇ ವಯ್ಯದೊಲಿದ್‌ಗೆ ಹೋಗಿ ಮಲಗಿ. ಬೆಳಗ್ಗೆ ಮುಕ್ಕಾಲು ಗಂಟೆಯ ಹಾದಿ, ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಮುಂದೆ ನಿಂತಿರುತ್ತೀರಿ. ಚಿಕ್ಕ ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಕ್ಯಾಂಕುನ್‌ಗೂ ಚಿಚೆನ್ ಇಟ್ಜಾಗೂ ಗಡಿಯಾರ ಬೇರೆಯೆ?

ಹೌದು. ಇದನ್ನು ಮರೆತು ಬಸ್ ತಪ್ಪಿಸಿಕೊಂಡವರು ಕಡಿಮೆಯಿಲ್ಲ. ಕ್ಯಾಂಕುನ್, ಪ್ಲಾಯಾ ದೆಲ್ ಕಾರ್ಮೆನ್, ಟುಲುಮ್ ಇವೆಲ್ಲ ಕಿಂತಾನಾ ರೂ ರಾಜ್ಯದಲ್ಲಿವೆ. ಚಿಚೆನ್ ಇಟ್ಜಾ, ವಯ್ಯದೊಲಿದ್, ಮೆರಿಡಾ ಯುಕಟಾನ್ ರಾಜ್ಯದಲ್ಲಿವೆ. ವರ್ಷವಿಡೀ ಕ್ಯಾಂಕುನ್ ಒಂದು ಗಂಟೆ ಮುಂದೆ. ಚಿಚೆನ್ ಇಟ್ಜಾದ ಬಾಗಿಲು ತೆರೆಯುವುದು ಅಲ್ಲಿನ ಬೆಳಗ್ಗೆ 8ಕ್ಕೆ, ಅಂದರೆ ಕ್ಯಾಂಕುನ್‌ನ 9ಕ್ಕೆ. ಆದ್ದರಿಂದ ಕ್ಯಾಂಕುನ್‌ನಿಂದ ಆರೂಕಾಲಿಗೆ ನೇರವಾಗಿ ಹೊರಟರೂ ಬಾಗಿಲು ತೆರೆಯುವ ಮುಂಚೆಯೇ ತಲುಪುತ್ತೀರಿ. ಬೆಳಗ್ಗೆ ಸಿಗುವ ಈ ಒಂದು ಗಂಟೆ ಸಂಜೆ ವಾಪಸಾಗುವಾಗ ಕಳೆದುಹೋಗುತ್ತದೆ.

ಗಡಿ ದಾಟುವಾಗ ಮೊಬೈಲ್ ತಾನಾಗಿಯೇ ಹೊತ್ತು ಬದಲಾಯಿಸಬಹುದು, ಬದಲಾಯಿಸದೆಯೂ ಇರಬಹುದು. ಗೈಡ್ "ಒಂದು ಗಂಟೆಗೆ ಬಸ್ಸಿನ ಹತ್ತಿರ ಬನ್ನಿ" ಎಂದಾಗ ಯಾವ ಊರಿನ ಒಂದು ಗಂಟೆ ಎಂದು ಅಲ್ಲೇ ಕೇಳಿ, ಎಲ್ಲರ ಗಡಿಯಾರವನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಅದೇ ರಾತ್ರಿ ಕ್ಯಾಂಕುನ್‌ನಿಂದ ವಿಮಾನವಿದ್ದರೆ ಈ ಪ್ರವಾಸ ಇಟ್ಟುಕೊಳ್ಳಬೇಡಿ.

ಹತ್ತಾರು ಟೂರ್‌ಗಳಿವೆ. ಆರಿಸುವುದು ಹೇಗೆ?

ಜಾಹೀರಾತಿನಲ್ಲಿ ಎಷ್ಟು ಸ್ಥಳಗಳ ಹೆಸರಿದೆ ಎಂದು ನೋಡಬೇಡಿ. ಪಾಳು ನಗರದ ಒಳಗೆ ಎಷ್ಟು ಹೊತ್ತು ಬಿಡುತ್ತಾರೆ ಎಂದು ನೋಡಿ. ಎರಡೂವರೆ ಗಂಟೆಗಿಂತ ಕಡಿಮೆಯಾದರೆ ಬಿಡಿ. ಮೂರು ಗಂಟೆ ಸಿಕ್ಕರೆ ಚೆನ್ನ.

ಅಗ್ಗದ ದೊಡ್ಡ ಬಸ್ಸಿನ ಟೂರ್ ಸಾಮಾನ್ಯವಾಗಿ ನಡೆಯುವುದು ಹೀಗೆ. ಬೆಳಗ್ಗೆ ಆರೂವರೆಗೆ ನಿಮ್ಮನ್ನು ಹೋಟೆಲಿನಿಂದ ಹತ್ತಿಸಿಕೊಳ್ಳುತ್ತಾರೆ. ಆಮೇಲೆ ವ್ಯಾನು ಇನ್ನೂ ಏಳೆಂಟು ಹೋಟೆಲು ಸುತ್ತುತ್ತದೆ. ಬಳಿಕ ಎಲ್ಲರನ್ನೂ ಒಂದು ಕಡೆ ಇಳಿಸಿ ದೊಡ್ಡ ಬಸ್ಸಿಗೆ ಹತ್ತಿಸುತ್ತಾರೆ. ಹೊರಡುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿರುತ್ತದೆ. ದಾರಿಯಲ್ಲಿ ಕರಕುಶಲ ವಸ್ತುಗಳ ಮಳಿಗೆಯೊಂದರ ಮುಂದೆ ಅರ್ಧ ಮುಕ್ಕಾಲು ಗಂಟೆ. ಚಿಚೆನ್ ಇಟ್ಜಾ ತಲುಪುವಾಗ ಬಿಸಿಲು ನೆತ್ತಿಯ ಮೇಲೆ. ಅದೇ ಹೊತ್ತಿಗೆ ಉಳಿದೆಲ್ಲ ಬಸ್ಸುಗಳೂ ಬಂದಿರುತ್ತವೆ. ಗೈಡ್ ಒಂದು ಗಂಟೆ ವಿವರಿಸಿ, ನೋಡಿಕೊಂಡು ಬನ್ನಿ ಎಂದು ಇನ್ನೊಂದು ಗಂಟೆ ಕೊಡುತ್ತಾರೆ. ಆಮೇಲೆ ಸೆನೋಟೆ (ಈಜಲು ಇಳಿಯುವ ಸುಣ್ಣಕಲ್ಲಿನ ಸಹಜ ಬಾವಿ), ಊಟ, ವಯ್ಯದೊಲಿದ್‌ನಲ್ಲಿ ಅರ್ಧ ಗಂಟೆ. ಹೋಟೆಲು ಮುಟ್ಟುವಾಗ ರಾತ್ರಿ ಎಂಟೂವರೆ.

ಬುಕ್ ಮಾಡುವ ಮುಂಚೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕಾದ ಸಂಗತಿಗಳು ಇವು: ತಾಣದ ಬಾಗಿಲಿಗೆ ಎಷ್ಟು ಹೊತ್ತಿಗೆ ತಲುಪುತ್ತೀರಿ, ಅದು ಯಾವ ಊರಿನ ಗಂಟೆ, ಪ್ರವೇಶ ಶುಲ್ಕದ ಎರಡೂ ಭಾಗ ಸೇರಿವೆಯೆ, ಒಂದು ಗುಂಪಿನಲ್ಲಿ ಎಷ್ಟು ಜನ, ಗೈಡ್ ಬರೀ ಇಂಗ್ಲಿಷಿನಲ್ಲಿ ಮಾತಾಡುತ್ತಾರೋ ಎರಡು ಭಾಷೆಯಲ್ಲೋ. ಕೊನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಪ್ರತಿ ವಿಷಯವನ್ನೂ ಮೊದಲು ಸ್ಪ್ಯಾನಿಷಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುವ ಗೈಡ್ ಸಿಕ್ಕರೆ ನಿಮ್ಮ ಪಾಲಿಗೆ ಬರುವುದು ಅರ್ಧ ವಿವರಣೆ, ಅದನ್ನು ಕೇಳಲು ಬಿಸಿಲಿನಲ್ಲಿ ನಿಲ್ಲುವುದು ಎರಡರಷ್ಟು ಹೊತ್ತು.

ಮುಂಜಾನೆ ಐದಕ್ಕೇ ಹೊರಟು ಮೊದಲು ಚಿಚೆನ್ ಇಟ್ಜಾ, ಆಮೇಲೆ ಉಳಿದದ್ದು ಎನ್ನುವ ಸಣ್ಣ ವ್ಯಾನಿನ ಟೂರ್‌ಗಳಿಗೆ ಹೆಚ್ಚು ಹಣ ಬೀಳುತ್ತದೆ. ಆ ಹಣ ಖಂಡಿತ ವ್ಯರ್ಥವಲ್ಲ. ನಾಲ್ಕು ಜನ ಇದ್ದರೆ ಖಾಸಗಿ ಕಾರು ಮತ್ತು ಚಾಲಕನ ದರವನ್ನೂ ವಿಚಾರಿಸಿ. ತಲೆಗೆ ಹಂಚಿದಾಗ ಅಂತರ ಅಷ್ಟೇನೂ ಇರುವುದಿಲ್ಲ.

ಪ್ರವೇಶ ಶುಲ್ಕ ಎಷ್ಟು? "ಟಿಕೆಟ್ ಸೇರಿಲ್ಲ" ಅಂದರೇನು?

ಶುಲ್ಕಕ್ಕೆ ಎರಡು ಭಾಗಗಳಿವೆ. ಒಂದು ಕೇಂದ್ರ ಸರ್ಕಾರದ ಪುರಾತತ್ವ ಸಂಸ್ಥೆಯಾದ ಇನಾಗೆ, ಇನ್ನೊಂದು ಯುಕಟಾನ್ ರಾಜ್ಯಕ್ಕೆ. ವಿದೇಶಿಯರಿಗೆ ಎರಡೂ ಸೇರಿ 600 ಪೆಸೊ ದಾಟುತ್ತದೆ. ಹೆಚ್ಚು ಕಡಿಮೆ ಪ್ರತಿ ವರ್ಷ ದರ ಏರುತ್ತದೆ, ಆದ್ದರಿಂದ ಹೋಗುವ ವಾರ ಮತ್ತೆ ನೋಡಿಕೊಳ್ಳಿ. ತೀರಾ ಅಗ್ಗವಾಗಿ ಕಾಣುವ ಟೂರ್‌ನ ಬೆಲೆಯಲ್ಲಿ ಈ ಶುಲ್ಕ ಇರುವುದೇ ಇಲ್ಲ. ಬಸ್ಸು ಹತ್ತಿದ ಮೇಲೆ ತಲೆಗೆ ಇಷ್ಟು ಎಂದು ಡಾಲರ್‌ನಲ್ಲಿ ಕೇಳುತ್ತಾರೆ. ಡಾಲರ್ ಲೆಕ್ಕದಲ್ಲಿ ವಿನಿಮಯ ದರ ಅವರದು, ಆದ್ದರಿಂದ ಪೆಸೊ ನಗದು ಕೊಡುವುದು ನಿಮಗೆ ಲಾಭ.

ಸ್ವಂತವಾಗಿ ಹೋಗುವವರು ಎರಡೂ ಚೀಟಿ ಕೈಯಲ್ಲಿದೆಯೆ ಎಂದು ನೋಡಿಕೊಂಡು ಗೇಟಿಗೆ ಹೋಗಿ. ಒಂದನ್ನು ಮಾತ್ರ ಕೊಂಡು ಸಾಲು ನಿಂತು, ಮತ್ತೆ ವಾಪಸು ಬರುವುದು ಇಲ್ಲಿ ದಿನನಿತ್ಯದ ದೃಶ್ಯ. ಭಾನುವಾರ ಮೆಕ್ಸಿಕೊ ಪ್ರಜೆಗಳಿಗೂ ಅಲ್ಲಿನ ಕಾಯಂ ನಿವಾಸಿಗಳಿಗೂ ರಿಯಾಯಿತಿ ಇರುವುದರಿಂದ ಜನಸಂದಣಿ ಹೆಚ್ಚು. ನಿಮಗೆ ರಿಯಾಯಿತಿಯೂ ಇಲ್ಲ, ಜಾಗವೂ ಇಲ್ಲ. ಬೇರೆ ದಿನ ಆರಿಸಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊ ವೀಸಾ ಬೇಕೆ?

ಸಾಮಾನ್ಯವಾಗಿ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಪಾಸ್‌ಪೋರ್ಟ್‌ನಲ್ಲಿದ್ದರೆ, ಅಥವಾ ಆ ದೇಶಗಳ ಕಾಯಂ ವಾಸದ ಪರವಾನಗಿ (ಗ್ರೀನ್ ಕಾರ್ಡ್‌ನಂಥದ್ದು) ಇದ್ದರೆ ಪ್ರವಾಸಕ್ಕೆ ಬೇರೆ ವೀಸಾ ಬೇಡ.

ಎಚ್-1ಬಿ ಎಂಬ ಅಮೆರಿಕದ ಉದ್ಯೋಗ ವೀಸಾ ಮೇಲಿರುವವರು ಎಡವುವುದು ಒಂದು ಕಡೆ. ಅಮೆರಿಕದಲ್ಲಿ ಉಳಿಯಲು ಐ-797 ಎಂಬ ಅನುಮೋದನೆಯ ಕಾಗದ ಸಾಕು. ಆದರೆ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮೆಕ್ಸಿಕೊ ಪ್ರವೇಶಕ್ಕೆ ಆ ಕಾಗದ ನಡೆಯುವುದಿಲ್ಲ, ಮೆಕ್ಸಿಕೊ ವೀಸಾ ಬೇರೆಯಾಗಿ ಪಡೆಯಬೇಕು. 30 ದಿನದೊಳಗೆ ಮೆಕ್ಸಿಕೊದಿಂದ ಅಮೆರಿಕಕ್ಕೆ ಮರಳಲು ಮುದ್ರೆಯ ಅವಧಿ ಮುಗಿದವರಿಗೂ ಒಂದು ವಿನಾಯಿತಿ ಇದೆ, ಷರತ್ತುಗಳೂ ಇವೆ. ಅದನ್ನು ನಂಬಿ ಟಿಕೆಟ್ ಕಾಯ್ದಿರಿಸುವ ಮುಂಚೆ ನಿಮ್ಮ ಕಂಪನಿಯ ವಕೀಲರನ್ನು ಕೇಳಿ. ಮಗುವಿನ ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಿದ್ದರೆ ವೀಸಾ ಇರುವ ಹಳೆಯದನ್ನೂ ಜೊತೆಗೆ ಒಯ್ಯಿರಿ.

ಗೈಡ್ ನಿಜವಾಗಿಯೂ ಬೇಕೆ?

ಬೇಕು. ತಾಣದಲ್ಲಿರುವ ಫಲಕಗಳು ಚುಟುಕಾಗಿವೆ. ಕೆತ್ತನೆಯಲ್ಲಿ ಕಣ್ಣಿಗೆ ಬೀಳುವ ಹಾವು, ಹದ್ದು, ಜಾಗ್ವಾರ್, ತಲೆಬುರುಡೆಗಳು ಏಕೆ ಅಲ್ಲಿವೆ ಎಂದು ಹೇಳುವವರಿಲ್ಲದಿದ್ದರೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತದೆ. ಪ್ರವಾಸೋದ್ಯಮ ಸಚಿವಾಲಯ ಕೊಟ್ಟ ಫೋಟೊ ಇರುವ ಗುರುತಿನ ಚೀಟಿ ಕೊರಳಲ್ಲಿದೆಯೆ ಎಂದು ನೋಡಿ. ಗೇಟಿನ ಬಳಿ ಸಿಗುವ ಗೈಡ್‌ಗಳು ಹೇಳುವ ದರ ಸಾಮಾನ್ಯವಾಗಿ ಗುಂಪಿಗೆ, ತಲೆಗಲ್ಲ. ಆದರೂ ಮಾತು ಮುಗಿಸಿಕೊಂಡೇ ಒಳಗೆ ಹೋಗಿ.

ಸ್ಥಳೀಯ ಗೈಡ್‌ಗಳಲ್ಲಿ ಹಲವರ ಮನೆಮಾತು ಯುಕಟೆಕ್ ಮಾಯಾ. ಮೆಕ್ಸಿಕೊದ 2020ರ ಜನಗಣತಿಯ ಪ್ರಕಾರ ಏಳೂಮುಕ್ಕಾಲು ಲಕ್ಷ ಜನ ಇಂದಿಗೂ ಈ ಭಾಷೆ ಆಡುತ್ತಾರೆ. "ಮಾಯಾ ಜನ ನಿಗೂಢವಾಗಿ ಮಾಯವಾದರು" ಎಂಬ ಮಾತನ್ನು ಅವರ ಮುಂದೆ ಆಡಬೇಡಿ. ನಗರಗಳನ್ನು ಬಿಟ್ಟರು, ಜನ ಉಳಿದರು. ನಿಮಗೆ ದಾರಿ ತೋರಿಸುತ್ತಿರುವವರೇ ಅವರು. ಕನ್ನಡದ ನಾಲ್ಕು ಮಾತು ಹೇಳಿಕೊಟ್ಟು ಮಾಯಾ ಭಾಷೆಯ ನಾಲ್ಕು ಮಾತು ಕಲಿಯಿರಿ. ಆಮೇಲೆ ಅವರು ವಿವರಿಸುವ ರೀತಿಯೇ ಬೇರೆಯಾಗುತ್ತದೆ.

ಪಿರಮಿಡ್ ಹತ್ತಬಹುದೆ?

ಇಲ್ಲ. ನಗರದ ನಡುವಿನ ಕುಕುಲ್ಕಾನ್ ಎಂಬ ಸರ್ಪದೇವರ ಪಿರಮಿಡ್ ಹತ್ತುವುದನ್ನು ನಿಲ್ಲಿಸಿ ಹತ್ತಿರ ಹತ್ತಿರ ಎರಡು ದಶಕವಾಗುತ್ತ ಬಂತು. ಅದರೊಳಗೆ ಹುದುಗಿರುವ ಇನ್ನೊಂದು ಹಳೆಯ ಪಿರಮಿಡ್‌ನಲ್ಲಿರುವ ಕೆಂಪು ಜಾಗ್ವಾರ್ ಆಸನವನ್ನು ನೋಡಲೂ ಈಗ ಬಿಡುವುದಿಲ್ಲ. ಹಗ್ಗ ದಾಟಿ ಓಡಿ ಹತ್ತಿದವರನ್ನು ಕೆಳಗಿಳಿಸಿ ಪೊಲೀಸರಿಗೆ ಒಪ್ಪಿಸಿದ ಪ್ರಸಂಗಗಳಿವೆ.

ಒಳಗೆ ಏನೇನು ನೋಡಬೇಕು? ಯಾವ ಕ್ರಮದಲ್ಲಿ?

ಬೆಳಗ್ಗೆ 8ಕ್ಕೆ ಒಳಹೊಕ್ಕವರು ಮೊದಲು ನೇರವಾಗಿ ಕುಕುಲ್ಕಾನ್ ಪಿರಮಿಡ್‌ಗೆ ಹೋಗಿ. ಇದನ್ನೇ ಎಲ್ ಕಾಸ್ತಿಯೊ ಎನ್ನುತ್ತಾರೆ. ಮೊದಲ ಮುಕ್ಕಾಲು ಗಂಟೆ ಮಾತ್ರ ಜನರಿಲ್ಲದ ಫೋಟೊ ಸಿಗುತ್ತದೆ. ಬುಡದಲ್ಲಿ ಒಂದೊಂದು ಬದಿಯೂ ಸುಮಾರು 55 ಮೀಟರ್. ಮೇಲಿನ ಗುಡಿಯೂ ಸೇರಿ ಎತ್ತರ ಸುಮಾರು 30 ಮೀಟರ್. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ನಾಲ್ಕೂ ಬದಿಗೆ 91 ಮೆಟ್ಟಿಲು, ಒಟ್ಟು 364. ಮೇಲಿನ ಜಗಲಿ ಸೇರಿಸಿದರೆ 365. ಒಂಬತ್ತು ಅಂತಸ್ತುಗಳನ್ನು ನಡುವಿನ ಮೆಟ್ಟಿಲ ಸಾಲು ಎರಡಾಗಿ ಸೀಳುವುದರಿಂದ ಪ್ರತಿ ಮುಖದಲ್ಲೂ 18 ಭಾಗ. ಮಾಯಾ ಸೌರ ವರ್ಷದಲ್ಲಿ 20 ದಿನಗಳ 18 ತಿಂಗಳು, ಮೇಲೆ 5 ದಿನ. ಪ್ರತಿ ಮುಖದಲ್ಲಿ ಒಳಸರಿದ 52 ಚೌಕಗಳಿವೆ. 365 ದಿನಗಳ ವರ್ಷವೂ 260 ದಿನಗಳ ಪೂಜಾ ಪಂಚಾಂಗವೂ ಮತ್ತೆ ಒಂದೇ ದಿನದಿಂದ ಆರಂಭವಾಗಲು ಹಿಡಿಯುವುದು 52 ವರ್ಷ. ಉತ್ತರದ ಮೆಟ್ಟಿಲಿನ ಬುಡದಲ್ಲಿರುವ ಎರಡು ಹಾವಿನ ತಲೆಗಳನ್ನು ಹತ್ತಿರದಿಂದ ನೋಡಿದ ಮೇಲೆ ಮುಂದೆ ನಡೆಯಿರಿ.

ಕಟ್ಟಡಗಳ ಕಾಲ ಕನ್ನಡದ ಓದುಗರಿಗೆ ಹೀಗೆ ಹೇಳಿದರೆ ಬೇಗ ಹೊಳೆಯುತ್ತದೆ: ಈ ನಗರ ಉಚ್ಛ್ರಾಯದಲ್ಲಿದ್ದಾಗ ನಮ್ಮಲ್ಲಿ ಮೊದಲು ರಾಷ್ಟ್ರಕೂಟರು, ಆಮೇಲೆ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದರು.

ಪಿರಮಿಡ್‌ನ ಪಶ್ಚಿಮಕ್ಕೆ ಚೆಂಡಾಟದ ಅಂಗಳ. 168 ಮೀಟರ್ ಉದ್ದ, 70 ಮೀಟರ್ ಅಗಲ. ಗೋಡೆಯ ಮೇಲೆ ಸುಮಾರು 6 ಮೀಟರ್ ಎತ್ತರದಲ್ಲಿ ಕಲ್ಲಿನ ಬಳೆಗಳಿವೆ. ಗಟ್ಟಿ ರಬ್ಬರಿನ ಚೆಂಡನ್ನು ಸೊಂಟದಿಂದ ಹೊಡೆದು ಆಡುತ್ತಿದ್ದ ಆಟ ಇದು. ಗೋಡೆಯ ಬುಡದಲ್ಲಿರುವ ಕೆತ್ತನೆಯ ಸಾಲನ್ನು ಬಿಡಬೇಡಿ: ತಲೆ ಕಡಿದ ಆಟಗಾರ ಮಂಡಿಯೂರಿದ್ದಾನೆ, ಕೊರಳಿನಿಂದ ಚಿಮ್ಮುವ ರಕ್ತ ಹಾವುಗಳಾಗಿ ಹೊರಳಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಈ ಕೆತ್ತನೆ ಎದ್ದು ಕಾಣುತ್ತದೆ, ಮಧ್ಯಾಹ್ನ ಚಪ್ಪಟೆಯಾಗುತ್ತದೆ. ಪಕ್ಕದಲ್ಲೇ ಕಲ್ಲಿನ ತಲೆಬುರುಡೆಗಳ ಸಾಲು ಸಾಲೇ ಇರುವ ತ್ಸೊಂಪಾಂತ್ಲಿ ಕಟ್ಟೆ.

ಅಲ್ಲಿಂದ ಉತ್ತರಕ್ಕೆ, ಮರಗಳ ನಡುವೆ, ಸುಮಾರು 300 ಮೀಟರ್ ನಡೆದರೆ ಪವಿತ್ರ ಸೆನೋಟೆ. ಸುಮಾರು 60 ಮೀಟರ್ ಅಗಲದ ದೈತ್ಯ ಬಾವಿ, ಇಲ್ಲಿ ಈಜುವಂತಿಲ್ಲ. ವಾಪಸು ಬಂದು ಪೂರ್ವದಲ್ಲಿ ಯೋಧರ ಗುಡಿ, ಸಾವಿರ ಕಂಬಗಳ ಸಾಲು. ಕಂಬದ ಮುಖಗಳಲ್ಲಿ ಒಬ್ಬೊಬ್ಬ ಯೋಧನ ಉಡುಗೆಯೂ ಬೇರೆ ಬೇರೆ.

ಹೆಚ್ಚಿನ ಗುಂಪುಗಳು ಇಲ್ಲಿಗೆ ಮುಗಿಸಿಬಿಡುತ್ತವೆ. ನೀವು ಮುಗಿಸಬೇಡಿ. ದಕ್ಷಿಣದ ಭಾಗದಲ್ಲಿ ನೆರಳಿದೆ, ಜನ ಕಡಿಮೆ, ಕಟ್ಟಡಗಳು ಹಳೆಯವು. ಎಲ್ ಕರಕೋಲ್ ಎಂಬ ದುಂಡು ಗೋಪುರದ ಕಿಂಡಿಗಳು ಶುಕ್ರಗ್ರಹ ದಿಗಂತದಲ್ಲಿ ತಲುಪುವ ಕೊನೆಯ ಬಿಂದುಗಳ ಕಡೆಗೆ ಮುಖ ಮಾಡಿವೆ. ಶುಕ್ರನ 584 ದಿನಗಳ ಐದು ಸುತ್ತು ಎಂಟು ಸೌರ ವರ್ಷಕ್ಕೆ ಸಮ ಎಂಬುದನ್ನು ಮಾಯಾ ಜನ ಬರಿಗಣ್ಣಿನಿಂದ ನೋಡಿ ಗುರುತಿಸಿದ್ದರು. ಇನ್ನೂ ಮುಂದೆ ಲಾಸ್ ಮೊಂಖಾಸ್ ಕಟ್ಟಡ. ಅದರ ಗೋಡೆಗಳಲ್ಲಿ ಉದ್ದ ಮೂಗಿನ ಮಳೆದೇವರು ಚಾಕ್ ಮತ್ತೆ ಮತ್ತೆ ಬರುತ್ತಾನೆ. ಉತ್ತರ ಯುಕಟಾನ್‌ನಲ್ಲಿ ನೆಲದ ಮೇಲೆ ಹರಿಯುವ ನದಿ ಇಲ್ಲ. ಸುಣ್ಣಕಲ್ಲಿನ ನೆಲ ಮಳೆನೀರನ್ನು ಹೀರಿಬಿಡುತ್ತದೆ. ಬದುಕು ಮಳೆ ಮತ್ತು ಸೆನೋಟೆಯ ಮೇಲೆ ನಿಂತಿದ್ದ ಊರಿನಲ್ಲಿ ಮಳೆದೇವರ ಮುಖ ಮೂಲೆಮೂಲೆಯಲ್ಲಿ ಇರುವುದು ಸಹಜವೇ.

ಪಿರಮಿಡ್ ಮುಂದೆ ಎಲ್ಲರೂ ಚಪ್ಪಾಳೆ ತಟ್ಟುವುದೇಕೆ?

ಮೆಟ್ಟಿಲಿಗೆ ಎದುರಾಗಿ ಸ್ವಲ್ಪ ದೂರ ನಿಂತು ಒಮ್ಮೆ ಜೋರಾಗಿ ತಟ್ಟಿದರೆ ಹಕ್ಕಿಯ ಚಿಲಿಪಿಲಿಯಂಥ ಪ್ರತಿಧ್ವನಿ ಬರುತ್ತದೆ. ಕೆಳಗಿನ ಮೆಟ್ಟಿಲುಗಳಿಂದ ಮರಳುವ ಸದ್ದುಗಳು ಒಂದರ ಹಿಂದೊಂದು ಒತ್ತಾಗಿ ಬರುತ್ತವೆ, ಮೇಲಿನವು ಹೆಚ್ಚು ಹೆಚ್ಚು ಅಂತರ ಬಿಟ್ಟು ಬರುತ್ತವೆ. ಹಾಗಾಗಿ ಸ್ವರ ಎತ್ತರದಿಂದ ಇಳಿಯುತ್ತದೆ. ಮಾಯಾ ಜನರಿಗೆ ಪವಿತ್ರವಾಗಿದ್ದ ಕೆತ್ಸಾಲ್ ಹಕ್ಕಿಯ ಕೂಗನ್ನು ಇದು ಹೋಲುತ್ತದೆ ಎನ್ನುತ್ತಾರೆ. ಬೇಕೆಂದೇ ಹಾಗೆ ಕಟ್ಟಿದರು ಎನ್ನಲು ಪುರಾವೆ ಇಲ್ಲ.

ಬಲಿಯ ಬಗ್ಗೆ ಗೈಡ್‌ಗಳು ಹೇಳುವ ಕಥೆ ಎಷ್ಟು ನಿಜ?

ನರಬಲಿ ನಡೆಯುತ್ತಿದ್ದದ್ದು ನಿಜ. ಪವಿತ್ರ ಸೆನೋಟೆಯಿಂದ ಚಿನ್ನ, ಪಚ್ಚೆಯಂಥ ಜೇಡ್ ಕಲ್ಲು, ಕೋಪಲ್ ಧೂಪದ ಜೊತೆ ಮನುಷ್ಯರ ಮೂಳೆಗಳೂ ಸಿಕ್ಕಿವೆ. 20ನೇ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಪುರಾತತ್ವ ಸಂಶೋಧಕ ಎಡ್ವರ್ಡ್ ಥಾಂಪ್ಸನ್ ಇದರ ಹೂಳೆತ್ತಿಸಿದಾಗ ಇವು ಹೊರಬಂದವು. ಆದರೆ "ಸುಂದರ ಕನ್ಯೆಯರನ್ನು ಬಾವಿಗೆ ನೂಕುತ್ತಿದ್ದರು" ಎಂಬ ಕಥೆಯನ್ನು ಒಪ್ಪಬೇಡಿ. ಸೆನೋಟೆಯ ಮೂಳೆಗಳಲ್ಲಿ ಗಂಡಸರದೂ ಮಕ್ಕಳದೂ ಇವೆ. ಅದರ ಸಮೀಪದ ನೆಲಮಾಳಿಗೆಯಂಥ ತೊಟ್ಟಿಯೊಂದರಲ್ಲಿ 1967ರಲ್ಲಿ ಸಿಕ್ಕ ಅಸ್ಥಿಗಳಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. 64 ಮಂದಿಯೂ ಗಂಡುಮಕ್ಕಳು. ಹಲವರು ಹತ್ತಿರದ ರಕ್ತಸಂಬಂಧಿಗಳು, ಎರಡು ಜೋಡಿ ಒಂದೇ ರೂಪದ ಅವಳಿಗಳು. ಮಾಯಾ ಪುರಾಣದಲ್ಲಿ ಅವಳಿ ವೀರರಿಗಿರುವ ಸ್ಥಾನವನ್ನು ಬಲ್ಲವರಿಗೆ ಇದು ಬಹಳ ದೊಡ್ಡ ಸಂಗತಿ.

ಚೆಂಡಾಟದಲ್ಲಿ ಗೆದ್ದವನ ತಲೆ ಕಡಿಯುತ್ತಿದ್ದರೋ ಸೋತವನದೋ ಎಂಬುದು ಕೆತ್ತನೆಯಿಂದ ತೀರ್ಮಾನವಾಗುವುದಿಲ್ಲ. ಗೆದ್ದವನದೇ ಎಂದು ಗಟ್ಟಿಯಾಗಿ ಹೇಳುವ ಗೈಡ್ ಸಿಕ್ಕರೆ ಅದನ್ನು ಕಥೆಯಾಗಿ ಕೇಳಿ.

ಮಾರ್ಚ್ 21ಕ್ಕೆ ಹಾವು ಇಳಿದುಬರುವುದನ್ನು ನೋಡಲು ಹೋಗಬೇಕೆ?

ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಇಳಿಹೊತ್ತಿನ ಬಿಸಿಲಿಗೆ ಅಂತಸ್ತುಗಳ ಅಂಚಿನ ನೆರಳು ಉತ್ತರದ ಮೆಟ್ಟಿಲಿನ ಪಕ್ಕಗೋಡೆಯ ಮೇಲೆ ಬೀಳುತ್ತದೆ. ಬೆಳಕಿನ ಏಳು ತ್ರಿಕೋನಗಳು ಸಾಲಾಗಿ ಮೂಡಿ, ಕೆಳಗಿನ ಹಾವಿನ ತಲೆಗೆ ಸೇರಿದ ಮೈಯಂತೆ ಕಾಣುತ್ತವೆ. ಅಂದು ಸಾವಿರಾರು ಜನ ಸೇರುತ್ತಾರೆ, ರಸ್ತೆಯಲ್ಲೇ ಗಂಟೆಗಳು ಹೋಗುತ್ತವೆ. ಮೋಡ ಬಂದರೆ ಏನೂ ಇಲ್ಲ. ಎರಡು ಮೂರು ದಿನ ಆಚೀಚೆ ಹೋದರೂ ನೆರಳು ಹೆಚ್ಚು ಕಡಿಮೆ ಹಾಗೆಯೇ ಕಾಣುತ್ತದೆ, ನೂಕುನುಗ್ಗಲು ಬಹಳ ಕಡಿಮೆ. ಬೆಳಗಿನ ಟೂರ್‌ಗಳು ಮಧ್ಯಾಹ್ನಕ್ಕೇ ಹೊರಟುಬಿಡುತ್ತವೆ ಎಂಬುದು ನೆನಪಿರಲಿ. ನೆರಳಿಗಾಗಿಯೇ ಹೋಗುವವರು ಸಂಜೆಯವರೆಗೆ ಅಲ್ಲಿರುವ ಟೂರ್ ಹುಡುಕಬೇಕು.

ಯಾವ ತಿಂಗಳು ಒಳ್ಳೆಯದು? ಬಿಸಿಲು ಎಷ್ಟು?

ನವೆಂಬರ್ ಕೊನೆಯಿಂದ ಮಾರ್ಚ್ ಮೊದಲ ವಾರಗಳವರೆಗೆ ಹಿತ. ಏಪ್ರಿಲ್, ಮೇ ತಿಂಗಳಲ್ಲಿ 38 ಡಿಗ್ರಿ ದಾಟುವುದುಂಟು, ಜೊತೆಗೆ ಮಂಗಳೂರಿನ ಮೇ ತಿಂಗಳ ಹಾಗೆ ಮೈಗೆ ಅಂಟುವ ಸೆಕೆ. ಜೂನ್‌ನಿಂದ ಅಕ್ಟೋಬರ್ ಮಳೆ, ಬಹುತೇಕ ಮಧ್ಯಾಹ್ನದ ಮೇಲೆ ಸುರಿಯುತ್ತದೆ. ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30. ಆಗ ಹೋಗುವುದಾದರೆ ಹಣ ವಾಪಸು ಸಿಗುವ ಟೂರ್ ಮಾತ್ರ ಬುಕ್ ಮಾಡಿ.

ಏನು ಒಯ್ಯಬೇಕು? ಏನನ್ನು ಬಿಡುವುದಿಲ್ಲ?

ತಲೆಗೆ ಅಗಲ ಅಂಚಿನ ಟೋಪಿ, ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಕಾಲಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ, ಸೊಳ್ಳೆ ಓಡಿಸುವ ಮುಲಾಮು, ಸಣ್ಣ ನೋಟುಗಳಲ್ಲಿ ಪೆಸೊ. ಪಿರಮಿಡ್ ಸುತ್ತಲಿನ ಬಯಲಲ್ಲಿ ನೆರಳೇ ಇಲ್ಲ. ಒಟ್ಟು ನಡಿಗೆ ಮೂರು ನಾಲ್ಕು ಕಿ.ಮೀ. ಆಗುತ್ತದೆ. ನೀರು ಒಯ್ಯಬಹುದು, ಬುತ್ತಿ ಬಿಚ್ಚಿ ಊಟಕ್ಕೆ ಕೂರುವಂತಿಲ್ಲ. ಡ್ರೋನ್ ನಿಷಿದ್ಧ. ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು, ವೃತ್ತಿಪರ ವಿಡಿಯೊ ಕ್ಯಾಮೆರಾಗೆ ಶುಲ್ಕವಿದೆ. ಮೊಬೈಲಿಗೆ ಅಡ್ಡಿಯಿಲ್ಲ. ದೊಡ್ಡ ಚೀಲವನ್ನು ಬಸ್ಸಿನಲ್ಲೇ ಬಿಡಿ.

ಸೆನೋಟೆಯಲ್ಲಿ ಈಜು ಬಾರದವರು ಇಳಿಯಬಹುದೆ?

ಸುಣ್ಣಕಲ್ಲಿನ ಛಾವಣಿ ಕುಸಿದು ಒಳಗಿನ ನೀರು ತೆರೆದುಕೊಂಡ ಬಾವಿಯೇ ಸೆನೋಟೆ. ಟೂರ್‌ಗಳು ಹೆಚ್ಚಾಗಿ ಒಯ್ಯುವುದು ಚಿಚೆನ್ ಇಟ್ಜಾದಿಂದ 3 ಕಿ.ಮೀ. ದೂರದ ಇಕ್ ಕಿಲ್‌ಗೆ. ನೆಲಮಟ್ಟದಿಂದ 26 ಮೀಟರ್ ಕೆಳಗೆ ನೀರು, ಅದರ ಆಳ 40 ಮೀಟರ್‌ಗೂ ಹೆಚ್ಚು. ನಡುವೆ ಕಾಲೂರಲು ಎಲ್ಲೂ ತಳ ಸಿಗುವುದಿಲ್ಲ. ಲೈಫ್ ಜಾಕೆಟ್ ಕಡ್ಡಾಯ, ಆದ್ದರಿಂದ ಈಜು ಬಾರದವರೂ ಹಗ್ಗ ಹಿಡಿದು ತೇಲಬಹುದು. ಜಾಕೆಟ್‌ನ ಪಟ್ಟಿಗಳನ್ನು ಬಿಗಿ ಮಾಡಿಸಿಕೊಳ್ಳಿ. ಸಡಿಲ ಜಾಕೆಟ್ ನೀರಿಗಿಳಿದ ಕೂಡಲೇ ಗಲ್ಲದವರೆಗೆ ಮೇಲೇರಿ ಗಾಬರಿ ಹುಟ್ಟಿಸುತ್ತದೆ. ಕೆಳಗಿಳಿಯುವ ಮೆಟ್ಟಿಲು ಸದಾ ಒದ್ದೆ, ಜಾರುತ್ತದೆ.

ಇಳಿಯುವ ಮುಂಚೆ ಶವರ್ ಕೆಳಗೆ ನಿಂತು ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು ಎಲ್ಲ ತೊಳೆದುಕೊಳ್ಳಬೇಕು. ಇದು ಬರೀ ನಿಯಮದ ಮಾತಲ್ಲ. ಇಡೀ ಪರ್ಯಾಯ ದ್ವೀಪದ ಕುಡಿಯುವ ನೀರು ಇದೇ ಅಂತರ್ಜಲ. ಬಿಸಿಲಿನಿಂದ ರಕ್ಷಣೆಗೆ ಉದ್ದ ತೋಳಿನ ಈಜುಡುಗೆ ಧರಿಸಿ. ಲೆಗಿಂಗ್ಸ್ ಮತ್ತು ಟಿ ಶರ್ಟ್ ಹಾಕಿ ಇಳಿಯುವ ಹೆಂಗಸರು ನೈಲಾನ್ ಅಥವಾ ಲೈಕ್ರಾ ಬಟ್ಟೆಯದನ್ನು ಆರಿಸಿ, ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ. ಲಾಕರ್‌ಗೆ ಬೇರೆ ಹಣ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೆ?

ಸಿಗುತ್ತದೆ, ಆದರೆ ಕಣ್ಣಿಗೆ ಕಾಣದ ಮಾಂಸಾಂಶದ ಬಗ್ಗೆ ಎಚ್ಚರ ಬೇಕು. ಅರೆದ ಕಪ್ಪು ಬೀನ್ಸ್ ಪಲ್ಯದಂಥದ್ದಕ್ಕೆ ಹಂದಿಯ ಕೊಬ್ಬು ಹಾಕುವುದು ಅಲ್ಲಿನ ವಾಡಿಕೆ. ಅನ್ನವನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುತ್ತಾರೆ. "ಸಸ್ಯಾಹಾರ" ಎಂದಷ್ಟೇ ಹೇಳಿದರೆ ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗೆ ಕೇಳಿ: "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ, ಸಿನ್ ಕಾಲ್ಡೊ ದೆ ಪೊಯೊ". ಅಂದರೆ ಮಾಂಸ, ಕೋಳಿ, ಹಂದಿ ಕೊಬ್ಬು, ಕೋಳಿ ಸಾರು ಇವ್ಯಾವುವೂ ಬೇಡ.

ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳದ ಹಿಟ್ಟಿನಿಂದ ತಟ್ಟಿದ ಬಿಸಿ ತೊರ್ತಿಯಾ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಹುರಿದ ಬಾಳೆ, ಹಣ್ಣುಗಳು ಬಹುತೇಕ ನೆಮ್ಮದಿಯಿಂದ ತಿನ್ನಬಹುದಾದವು. ಮೊಟ್ಟೆ ತಿನ್ನುವವರು ಪಾಪದ್ಸುಲೆಸ್ ಬಿಡಬೇಡಿ: ತೊರ್ತಿಯಾದೊಳಗೆ ಬೇಯಿಸಿದ ಮೊಟ್ಟೆ, ಮೇಲೆ ಕುಂಬಳದ ಬೀಜ ಅರೆದ ಗೊಜ್ಜು. ಹಬನೇರೊ ಮೆಣಸಿನ ಚಟ್ನಿಯನ್ನು ನಮ್ಮ ಬ್ಯಾಡಗಿಯ ಅಂದಾಜಿನಲ್ಲಿ ಬಡಿಸಿಕೊಳ್ಳಬೇಡಿ, ಖಾರ ಅದರ ಹಲವು ಪಟ್ಟು. ಬಫೆ ಊಟದ ಬೆಲೆಯಲ್ಲಿ ಕುಡಿಯುವ ನೀರು, ಪಾನೀಯ ಹೆಚ್ಚಾಗಿ ಸೇರಿರುವುದಿಲ್ಲ.

ಊಟದ ಕೊನೆಗೆ ಸಪೋಟ ಸಿಕ್ಕರೆ ತಿನ್ನಿ. ನಮ್ಮ ತೋಟಗಳ ಸಪೋಟದ ತವರು ಇದೇ ಸೀಮೆ. ಮಾಯಾ ಗುಡಿಗಳ ಬಾಗಿಲಿನ ಮೇಲಿನ ತೊಲೆಗಳಿಗೆ ಬಳಸಿದ್ದೂ ಆ ಮರವನ್ನೇ. ಸಾವಿರ ವರ್ಷ ದಾಟಿಯೂ ಕೆಲವು ತೊಲೆಗಳು ಉಳಿದಿವೆ.

ಒಳಗಿನ ಅಂಗಡಿಗಳಲ್ಲಿ ಕೊಳ್ಳಬಹುದೆ?

ದಾರಿಯ ಎರಡೂ ಬದಿ ನೂರಾರು ಮಂದಿ ಮಾರುತ್ತಿರುತ್ತಾರೆ. ನಡುನಡುವೆ ಕೇಳಿಸುವ ಜಾಗ್ವಾರ್ ಗರ್ಜನೆ ಅವರು ಮಾರುವ ಪೀಪಿಯದು. ಚೌಕಾಸಿ ಸಹಜ, ವಾಪಸು ಬರುವಾಗ ಬೆಲೆ ಇಳಿದಿರುತ್ತದೆ. ಕೈಯಿಂದ ಕೆತ್ತಿದ ಮರದ ಮುಖವಾಡದ ಹಿಂಬದಿ ನೋಡಿ, ಉಳಿಯ ಗುರುತು ಇದ್ದರೆ ಅದು ಕೈಕೆಲಸ. "ನೆಲ ಅಗೆದಾಗ ಸಿಕ್ಕಿದ್ದು" ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಲೂ ಹೋಗಬೇಡಿ. ಪುರಾತನ ವಸ್ತುವನ್ನು ದೇಶದಿಂದ ಒಯ್ಯುವುದು ಮೆಕ್ಸಿಕೊದ 1972ರ ಕಾನೂನಿನಂತೆ ಅಪರಾಧ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೆ?

ಧಾರಾಳವಾಗಿ. ಹತ್ತುವ ಕೆಲಸ ಇಲ್ಲ, ನೆಲ ಬಹುತೇಕ ಸಮತಟ್ಟು. ಜಲ್ಲಿ, ಮರದ ಬೇರು ಇರುವುದರಿಂದ ಗಾಲಿಕುರ್ಚಿಯನ್ನೂ ಮಕ್ಕಳ ತಳ್ಳುಗಾಡಿಯನ್ನೂ ದೊಡ್ಡ ಚಕ್ರದವಾದರೆ ಮಾತ್ರ ಒಯ್ಯಿರಿ. ಮಂಡಿನೋವಿರುವವರು ಸೆನೋಟೆಯ ಮೆಟ್ಟಿಲು ಇಳಿಯದೆ ಮೇಲಿನ ಕಟಾಂಜನದಿಂದಲೇ ನೋಡಲಿ. ಅವರಿಗೆ ನಿಜವಾದ ಕಷ್ಟ ಬಿಸಿಲು ಮತ್ತು ಐದಾರು ಗಂಟೆಯ ಬಸ್ ಪ್ರಯಾಣ. ವಯ್ಯದೊಲಿದ್‌ನಲ್ಲಿ ಉಳಿಯುವ ಸಲಹೆ ಇವರಿಗೂ ಅನ್ವಯಿಸುತ್ತದೆ. ಶೌಚಾಲಯಕ್ಕೆ ಪ್ರವೇಶದ್ವಾರದಲ್ಲೇ ಹೋಗಿ ಬನ್ನಿ.

ಮಾಯಾ ಜನರಿಗೂ ನಮ್ಮ ಮಯಾಸುರನಿಗೂ ಸಂಬಂಧವಿದೆಯೆ? ಸೋಮನಾಥಪುರದಲ್ಲಿ ಮೆಕ್ಕೆಜೋಳದ ಕೆತ್ತನೆ ಇದೆಯಂತಲ್ಲ?

ಮಯಾಸುರನಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ, ಹೆಸರು ಕಿವಿಗೆ ಒಂದೇ ಥರ ಕೇಳುತ್ತದೆ ಅಷ್ಟೆ. ಹೊಯ್ಸಳ ಗುಡಿಗಳ ವಿಗ್ರಹಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂದು 1989ರಲ್ಲಿ ಅಮೆರಿಕದ ವಿದ್ವಾಂಸರು ವಾದಿಸಿದ್ದು ನಿಜ. ಅದು ಮುತ್ತುಗಳಿಂದಾದ ಕಾಲ್ಪನಿಕ ಹಣ್ಣು, ಮುಕ್ತಾಫಲ, ಎಂದು ಭಾರತದ ಸಸ್ಯವಿಜ್ಞಾನಿಗಳು ಉತ್ತರಿಸಿದರು. ಕೊಲಂಬಸನಿಗೆ ಮುಂಚೆ ಇಲ್ಲಿ ಮೆಕ್ಕೆಜೋಳ ಬೆಳೆದದ್ದಕ್ಕೆ ಒಪ್ಪಿತವಾದ ಪುರಾವೆ ಸಿಕ್ಕಿಲ್ಲ. ಸೊನ್ನೆಯನ್ನೂ ಮಾಯಾ ಜನ ಭಾರತದ ಹಂಗಿಲ್ಲದೆ ತಾವಾಗಿಯೇ ಕಂಡುಕೊಂಡರು. ಚುಕ್ಕೆ ಅಂದರೆ ಒಂದು, ಗೆರೆ ಅಂದರೆ ಐದು, ಚಿಪ್ಪಿನ ಗುರುತು ಸೊನ್ನೆ. ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ.

ಕ್ರೂಸ್ ಹಡಗಿನಿಂದ ಇಳಿದು ಹೋಗಿ ಬರಬಹುದೆ?

ಹಡಗು ಪ್ರೊಗ್ರೆಸೊ ಬಂದರಿಗೆ ಬಂದರೆ ಸಾಧ್ಯ, ರಸ್ತೆ ಸುಮಾರು ಎರಡು ಗಂಟೆ. ಕೊಸುಮೆಲ್ ದ್ವೀಪದಿಂದಾದರೆ ಮೊದಲು ಮುಕ್ಕಾಲು ಗಂಟೆ ದೋಣಿ, ಆಮೇಲೆ ಎರಡೂವರೆ ಗಂಟೆ ಬಸ್ಸು, ಮತ್ತೆ ಅಷ್ಟೇ ವಾಪಸು. ನೋಡಲು ಸಿಗುವುದು ಒಂದೂವರೆ ಗಂಟೆ. ಹೋಗಲೇಬೇಕೆಂದರೆ ಹಡಗಿನವರೇ ನಡೆಸುವ ಟೂರ್‌ನಲ್ಲಿ ಹೋಗಿ, ತಡವಾದರೆ ಹಡಗು ಕಾಯುತ್ತದೆ. ಕೊಸುಮೆಲ್‌ನಲ್ಲಿ ಇಳಿದವರಿಗೆ ಟುಲುಮ್ ಹೆಚ್ಚು ಸುಲಭ.

ಚಿಚೆನ್ ಇಟ್ಜಾ ಬಿಟ್ಟು ಬೇರೆ ಯಾವುದು?

ಕಡಲ ಅಂಚಿನ ಬಂಡೆಯ ಮೇಲಿರುವ ಟುಲುಮ್ ಚಿಕ್ಕದು, ಎರಡು ಗಂಟೆ ಸಾಕು. ಕಟ್ಟಡಗಳಿಗಿಂತ ನೋಟ ದೊಡ್ಡದು. ಮೆರಿಡಾದಲ್ಲಿ ಉಳಿದವರಿಗೆ ಉಷ್ಮಲ್ ನಮ್ಮ ಮೊದಲ ಸಲಹೆ. ಕಲ್ಲಿನ ಕುಸುರಿ ಚಿಚೆನ್ ಇಟ್ಜಾಗಿಂತ ಸೂಕ್ಷ್ಮ, ಜನವೂ ಕಡಿಮೆ.

ಎತ್ತರದಿಂದ ಕಾಡು ನೋಡಲೇಬೇಕು ಎನ್ನುವವರಿಗೆ ಗ್ವಾಟೆಮಾಲಾದ ಟಿಕಾಲ್. ಸುಮಾರು 65 ಮೀಟರ್ ಎತ್ತರದ ನಾಲ್ಕನೇ ಗುಡಿಗೆ ಮರದ ಮೆಟ್ಟಿಲು ಹಾಕಿದ್ದಾರೆ. ಮೇಲಿನಿಂದ ಕಾಡಿನ ತಲೆಯ ಮೇಲೆ ಉಳಿದ ಗೋಪುರಗಳ ತುದಿ ಮಾತ್ರ ಕಾಣುತ್ತದೆ. ಕ್ಯಾಂಕುನ್‌ನಿಂದ ಒಂದು ದಿನದಲ್ಲಿ ಇದು ಆಗುವ ಕೆಲಸವಲ್ಲ. ಫ್ಲೋರೆಸ್ ಪಟ್ಟಣದಲ್ಲಿ ಉಳಿದು ಹೋಗಬೇಕು, ಅಲ್ಲಿಂದ ಸುಮಾರು 65 ಕಿ.ಮೀ., ಒಂದೂವರೆ ಗಂಟೆ. ಬಾಗಿಲು ಬೆಳಗ್ಗೆ 6ಕ್ಕೆ ತೆರೆಯುತ್ತದೆ. ಸೂರ್ಯೋದಯ ನೋಡಲು ಅದಕ್ಕಿಂತ ಮುಂಚೆ ಒಳಹೋಗುವುದಾದರೆ ಬೇರೆ ಟಿಕೆಟ್ ಬೇಕು. ಟಿಕೆಟ್ ಕೊಳ್ಳಲು ಪಾಸ್‌ಪೋರ್ಟ್ ಕೇಳುತ್ತಾರೆ, ಕೈಯಲ್ಲಿರಲಿ.